ದಿನ ತುಂಬದ ಕೂಸಿಗೊಂದು ಬೆಚ್ಚನೆಯ ಚೀಲ

ನಮಗೆ ಹಿತವೆನಿಸುವ ಗಾಳಿಯಲ್ಲಿಯೇ ದಿನ ತುಂಬದ ಕೂಸು ಚಳಿಯಿಂದ ಸಾಯಬಹುದೆಂದರೆ ವಾಚಕರು ನಂಬುವುದು ಕಷ್ಟ. ಅದರ ಚರ್ಮದ ಕೆಳಗೆ ಸಾಕಷ್ಟು ಕೊಬ್ಬಿಲ್ಲ. ನಡುಗಿ ಮೈ ಬೆಚ್ಚಗೆ ಮಾಡಿಕೊಳ್ಳುವ ಶಕ್ತಿಯೂ ಇಲ್ಲ. ಕುಡಿದ ಗುಟುಕು ಹಾಲು ಬೆಳವಣಿಗೆಗೆ ಒದಗದೆ ಮೈಕಾವಿಗೇ ವೆಚ್ಚವಾಗಿಹೋಗುತ್ತದೆ. 1880ರ ಸುಮಾರಿಗೆ ಪ್ಯಾರಿಸ್ಸಿನ ವೈದ್ಯರಾದ ತಾರ್ನಿಯೆ, ಮೃಗಾಲಯದಲ್ಲಿ ಕೋಳಿಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆಯನ್ನು ಕಂಡು, ಅಂಥದನ್ನೇ ಕೂಸುಗಳಿಗಾಗಿ ಮಾಡಿಸಿದರು. ಇಂದಿನ ಇನ್‌ಕ್ಯುಬೇಟರ್ ಅದೇ ವಂಶದ್ದು.

2007ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕೆಲವು ವಿದ್ಯಾರ್ಥಿಗಳು ಅಗ್ಗದ ಇನ್‌ಕ್ಯುಬೇಟರ್ ಒಂದನ್ನು ನಿರ್ಮಿಸಲು ಹೊರಟರು. ಅವರಲ್ಲೊಬ್ಬರು ಕಾಠ್ಮಂಡುವಿಗೆ ಹೋಗಿ ನೋಡುತ್ತಾರೆ, ಆಸ್ಪತ್ರೆಯಲ್ಲಿ ಯಂತ್ರಗಳು ಬರಿದಾಗಿ ನಿಂತಿವೆ! ಕೂಸುಗಳು ಹುಟ್ಟುತ್ತಿದ್ದುದು ದೂರದ ಹಳ್ಳಿಗಳಲ್ಲಿ. ಪಟ್ಟಣ ಮುಟ್ಟುವವರೆಗೆ ಅವುಗಳ ಜೀವ ಹಿಡಿದಿಡುವವರಾರು? ಬೆಲೆ ಇಳಿದರೆ ಸಾಲದು, ವಿದ್ಯುತ್ತಿನ ಹಂಗೂ ತಪ್ಪಬೇಕೆಂದು ತಂಡಕ್ಕೆ ಹೊಳೆಯಿತು.

ಹಾಗೆ ಹುಟ್ಟಿದುದು ‘ಎಂಬ್ರೇಸ್’ ಎಂಬ ಪುಟ್ಟ ಚೀಲ. ಕೂಸಿನ ಬೆನ್ನ ಹಿಂದೆ ಮೇಣದಂಥ ವಸ್ತು ತುಂಬಿದ ಒಂದು ಹಾಸು. ಬಿಸಿನೀರಿನ ಬಾಟಲಿ ಮೊದಲು ಸುಡುತ್ತದೆ, ಆಮೇಲೆ ಆರುತ್ತದೆ. ಈ ವಸ್ತುವಾದರೋ ಕಾಯಿಸಿದಾಗ ಕರಗಿ, ಮರಳಿ ಹೆಪ್ಪುಗಟ್ಟುವಾಗ ಸುಮಾರು 37 ಡಿಗ್ರಿ ಸೆಲ್ಸಿಯಸ್ಸಿನಲ್ಲಿಯೇ ನಿಂತು, ನಾಲ್ಕು ಗಂಟೆಗಳಷ್ಟು ಹೊತ್ತು ಸಮನಾದ ಕಾವು ಕೊಡುತ್ತದೆ. ಅನಂತರ ಮತ್ತೆ ಕಾಯಿಸಬಹುದು.

ಚೀಲವನ್ನು ಬಳಕೆಗೆ ತರಲು ತಂಡದವರು ಬಂದು ನೆಲೆಸಿದುದು ನಮ್ಮ ಬೆಂಗಳೂರಿನಲ್ಲಿ. ಅವರಲ್ಲಿ ಇಂಜಿನಿಯರಾದ ರಾಹುಲ್ ಪಣಿಕ್ಕರ್ ಮಹಾರಾಷ್ಟ್ರದ ಹಳ್ಳಿಯ ತಾಯಂದಿರಿಗೆ ಅದನ್ನು ತೋರಿಸಿದರು. ಹಾಸು ಎಷ್ಟು ಬಿಸಿಯಾಗಿದೆಯೆಂದು ತಿಳಿಸುವ ಅಂಕಿಗಳ ಪಟ್ಟಿಯೊಂದು ಅದರಲ್ಲಿತ್ತು. ಆಗ ಒಬ್ಬ ತಾಯಿ ಹೇಳಿದ ಮಾತು ಅವರನ್ನು ಬೆಚ್ಚಿಬೀಳಿಸಿರಬೇಕು. ಇಂಗ್ಲಿಷ್ ಔಷಧಿ ಬಲು ಉಗ್ರವಾದುದರಿಂದ ಮಗುವಿಗೆ ಹೇಳಿದ್ದಕ್ಕಿಂತ ಕಡಿಮೆ ಕೊಡುವುದು ಅವರಲ್ಲಿ ವಾಡಿಕೆ. ಇದನ್ನೂ 37ಕ್ಕೆ ಕಾಯಿಸಿರೆಂದರೆ ತಾನು ಸ್ವಲ್ಪ ಇಳಿಸಿಯೇ ಕಾಯಿಸುವೆನೆಂದಳು. ಪ್ರೀತಿಯಿಂದಲೇ ಕೂಸು ತಣ್ಣಗಾಗುತ್ತಿತ್ತು!

ಆ ತಾಯಿಗೆ ತಿಳಿವಳಿಕೆಯಿಲ್ಲವೆಂದು ಇಂಜಿನಿಯರು ಎದ್ದು ಬರಲಿಲ್ಲ. ಅಂಕಿಗಳನ್ನೇ ಕಿತ್ತುಹಾಕಿ, ಸರಿಯಾಗಿದೆ ಅಥವಾ ಸರಿಯಾಗಿಲ್ಲ ಎಂದಷ್ಟೇ ತೋರಿಸುವ ಗುರುತನ್ನು ಇಟ್ಟರು. ಕರಗುವ ಮೇಣಕ್ಕಿಂತ ಈ ತಿದ್ದುಪಡಿಯೇ ನನಗೆ ದೊಡ್ಡ ಶೋಧವಾಗಿ ಕಾಣುತ್ತದೆ. ಹುಡುಗರಿಗೆ ಅರ್ಥವಾಗದಿದ್ದರೆ ಅದೇ ವಾಕ್ಯವನ್ನು ಇನ್ನೂ ಗಟ್ಟಿಯಾಗಿ ಹೇಳುವ ಮೇಷ್ಟರು ನಾವು!

ತಾಯಿಯ ಎದೆಯ ಕಾವಿಗೆ ಸಮನಾದುದು ಈ ಚೀಲವೆಂದು ಯಾರೂ ಭಾವಿಸಬಾರದು. ಬಾಣಂತಿ ಎಚ್ಚರ ತಪ್ಪಿ ಮಲಗಿರುವಾಗ, ಕೂಸನ್ನು ದೊಡ್ಡಾಸ್ಪತ್ರೆಗೆ ಒಯ್ಯುವಾಗ, ಆ ಕೆಲವು ಗಂಟೆಗಳಿಗೆ ಇದು ಬೇಕು.