ಒಗರು ಎನ್ನೋಣ



ನಾಸಿಕದ ಗಂಗಾಪುರ ಅಣೆಕಟ್ಟಿನ ಕಡೆಯ ದ್ರಾಕ್ಷಿ ತೋಟಗಳಿಗೆ ನೀವು ಗೆಳೆಯರೊಡನೆ ವೈನ್ ರುಚಿ ನೋಡಲು ಹೋಗುತ್ತೀರೆಂದು ಬಲ್ಲೆ. ರಜೆ ಸಿಕ್ಕರೆ ಛತ್ರಪತಿ ಸಂಭಾಜಿನಗರದ ನಮ್ಮ ಹುಡುಗರೂ ಬಂದು ಸೇರುತ್ತಾರೆ. (ಹಿರಿಯರು ಹುಬ್ಬು ಗಂಟಿಕ್ಕುವುದು ಬೇಡ. ರುಚಿ ನೋಡುವುದನ್ನು ಬಲ್ಲವರು ಬಾಯಲ್ಲಾಡಿಸಿ ಉಗುಳಿಬಿಡುತ್ತಾರೆ.)

ಆದರೆ ರುಚಿ ಹೇಗಿತ್ತೆಂದು ಕೇಳಿದರೆ ನೀವೆಲ್ಲ ಇಂಗ್ಲಿಷಿಗೆ ಮೊರೆಹೋಗುತ್ತೀರಿ. ಯಾರೂ ತಿಂದಿರದ ಯಾವುದೋ ಸೀಮೆಯ ಹಣ್ಣಿನ ಹೆಸರು ಹೇಳುತ್ತೀರಿ. ಸೊವಿನ್ಯೊ ಬ್ಲಾಂ ಮೂಸಿದರೆ ಬರುವುದು ಆಗತಾನೇ ಹೆಚ್ಚಿದ ದೊಣ್ಣೆಮೆಣಸಿನಕಾಯಿಯ ವಾಸನೆ, ಕೆಲವೊಮ್ಮೆ ಪೇರಲದ್ದು. ಹಾಗೆಂದೇ ಹೇಳಬಾರದೇ?

ಕೆಂಪು ವೈನಿಗೆ ನಾಲಿಗೆ ಒಣಗಿ ಬಿಗಿಹಿಡಿದಂತಾಗುತ್ತದೆ. ಮರಾಠಿಯಲ್ಲಿ ನೀವು ತುರಟ ಎನ್ನುತ್ತೀರಲ್ಲ, ಅದೇ ನಮ್ಮ ಒಗರು. ನೇರಳೆಹಣ್ಣು ತಿಂದಾಗ, ಎಳೆ ಬಾಳೆಕಾಯಿ ಕಚ್ಚಿದಾಗ ಆಗುವುದೂ ಇದೇ. ಒಗರು ಇರುವುದು ದ್ರಾಕ್ಷಿಯ ಸಿಪ್ಪೆ, ಬೀಜಗಳಲ್ಲಿ. ಬಿಳಿ ವೈನಿಗೆ ರಸವನ್ನಷ್ಟೇ ಹಿಂಡಿ ಹುದುಗಿಸುತ್ತಾರೆ, ಕೆಂಪಿಗೆ ಸಿಪ್ಪೆಸಮೇತ. ಮಲೆನಾಡಿನಲ್ಲಿ ಅಡಿಕೆ ಬೇಯಿಸಿದ ಒಗರು ನೀರಿಗೆ ಚೊಗರು ಎಂಬ ಬೇರೆ ಹೆಸರೇ ಇದೆ. ಇಷ್ಟು ಪದಗಳಿರುವ ಭಾಷೆಗೆ ವೈನ್ ಒಗ್ಗದೆಂದರೆ ನಾನಂತೂ ಒಪ್ಪುವುದಿಲ್ಲ.

ಈ ಕಸುಬು ಇಲ್ಲಿ ಇನ್ನೂ ಎಳೆಯದು. ಸುಲಾದ ಮೊದಲ ವೈನ್ ಮಾರುಕಟ್ಟೆಗೆ ಬಂದದ್ದೇ 2000ದಲ್ಲಿ. ಅದರ ರುಚಿಗಳಿಗೆ ಹೆಸರಿಡಲು ನಿಮಗೇನೂ ತಡವಾಗಿಲ್ಲ.

ಮುಂದಿನ ಸಲ ಹೋದಾಗ ಕನ್ನಡದಲ್ಲೇ ನಾಲ್ಕು ಪದ ಬರೆದುಕೊಂಡು ಬನ್ನಿ, ಈ ಪುಟದಲ್ಲಿ ಹಾಕೋಣ. ಪದ ಸಿಗದಿದ್ದರೆ ಊರಿನ ಅಜ್ಜಿಗೆ ಫೋನ್ ಮಾಡಿ. ಯಾವುದರ ರುಚಿ ಎಂಬುದನ್ನು ಆಮೇಲೆ ನಿಧಾನವಾಗಿ ಹೇಳಿದರಾಯಿತು.