ಸವಣೂರು ತೆತ್ತ ಬೆಲೆ

ನೆರೆಯ ನಾಡನ್ನು ಉದ್ಧರಿಸಲು ಸೇನೆ ನುಗ್ಗಿಸುವುದು ಧರ್ಮಸಮ್ಮತವೆಂದು ವಾದಿಸುವವರು ಸವಣೂರಿನ ಚರಿತ್ರೆಯನ್ನೊಮ್ಮೆ ಅವಲೋಕಿಸಬೇಕು. ಆಶ್ರಯ ಬೇಡಿ ಬಂದ ತೋಪುಪಡೆಯ ಅಧಿಕಾರಿಯನ್ನು ಒಪ್ಪಿಸಲಿಲ್ಲವೆಂಬ ನೆಪದಿಂದ 1756ರಲ್ಲಿ ಪೇಶ್ವೆ ಬಾಲಾಜಿ ಬಾಜೀರಾಯನು ಈ ಪುಟ್ಟ ಸಂಸ್ಥಾನವನ್ನು ಮುತ್ತಿದನು. ನಿಜಾಮನೂ ಫ್ರೆಂಚ್ ಸೇನಾನಿ ಬುಸ್ಸಿಯೂ ಜೊತೆಗೂಡಿದರು. ನವಾಬನು ಹುಬ್ಬಳ್ಳಿ, ಕುಂದಗೋಳಗಳನ್ನು ತೆತ್ತು ಶಾಂತಿ ಕೊಂಡನು. ಮುಂದೆ ಹೈದರಾಲಿಯ ಮಗಳು ಅವನ ಸೊಸೆಯಾದಳು. ಆ ಬೀಗತನವೂ 1786ರಲ್ಲಿ ಟಿಪ್ಪುವಿನ ದಾಳಿಯನ್ನು ತಡೆಯಲಿಲ್ಲ. ಆಗ ನವಾಬನು ಸೇರಿದ ಪಾಳೆಯ ಯಾವುದು? ಹಿಂದೆ ಮುತ್ತಿಗೆ ಹಾಕಿದ್ದ ಮರಾಠರದೇ! ಮಿತ್ರರೂ ಶತ್ರುಗಳೂ ಸ್ಥಾನ ಬದಲಿಸಿದರು. ಬೆಳೆ ತುಳಿಸಿಕೊಂಡ ರೈತನು ಮಾತ್ರ ಅವನೇ.

ಹತ್ಯಾಕಾಂಡ ನಡೆವಾಗಲೂ ಕೈಕಟ್ಟಿ ಕೂರಬೇಕೆ ಎಂಬ ಪ್ರಶ್ನೆ ಹಗುರವಲ್ಲ. ಆದರೆ 1994ರ ರುವಾಂಡಾದಲ್ಲಿ ಕೊರತೆಯಾದದ್ದು ದಂಡೆತ್ತಿ ಬರುವವರದಲ್ಲ. ಇದ್ದ ಶಾಂತಿಪಡೆಯ ಬಹುಭಾಗವನ್ನೇ ವಿಶ್ವಸಂಸ್ಥೆ ಹಿಂತೆಗೆಯಿತು. 2003ರಲ್ಲಿ ಭದ್ರತಾ ಮಂಡಳಿಯ ಸಮ್ಮತಿಯಿಲ್ಲದೆ ಇರಾಕಿಗೆ ನುಗ್ಗಿದವರಿಗಾದರೋ, ನೆಪವಾಗಿದ್ದ ಅಸ್ತ್ರಗಳು ಸಿಗಲೇ ಇಲ್ಲ.

ಕೃತ, ಕಾರಿತ, ಅನುಮೋದಿತ ಮೂರೂ ಹಿಂಸೆಯೇ. ದೂರದೇಶದ ದಾಳಿಗೆ ಮನೆಯಲ್ಲಿ ಕುಳಿತು ಭೇಷ್ ಎನ್ನುವ ಶ್ರಾವಕನು ಮೂರನೆಯದರಿಂದ ಪಾರಾಗಲಾರನು. ಪರರಾಜ್ಯಗಳ ಮೇಲೆ ದಂಡೆತ್ತಿ ‘ನೊಳಂಬಕುಲಾಂತಕ’ನೆನಿಸಿದ ಗಂಗರಾಜ ಮಾರಸಿಂಹನು ಸಿಂಹಾಸನ ತೊರೆದು, ಸುಮಾರು 974ರಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಸಲ್ಲೇಖನ ಕೈಗೊಂಡದ್ದು ಇದೇ ಸವಣೂರಿನ ನೆರೆಯಲ್ಲಿ, ಶಿಗ್ಗಾವಿ ತಾಲ್ಲೂಕಿನ ಬಂಕಾಪುರದಲ್ಲಿ.