ಬಾಳಿಕೆಯ ಪ್ರಶ್ನೆ

ಒಂದು ವಸ್ತುವನ್ನು ಒಳ್ಳೆಯದೆನ್ನುವ ಮೊದಲು, ಅದು ಯಾವ ಕೆಲಸಕ್ಕೆ, ಎಷ್ಟು ಕಾಲಕ್ಕೆ ಎಂದು ಕೇಳಬೇಕಷ್ಟೆ. ತ್ರೀಡಿ ಪ್ರಿಂಟರನ್ನು ಹವ್ಯಾಸಕ್ಕಾಗಿ ಮನೆಯಲ್ಲಿರಿಸಿಕೊಂಡಿರುವ ನನ್ನ ಪಾಲಿಗೆ ಈ ಪ್ರಶ್ನೆ ಕಾರಿನಿಂದ ತೊಡಗಿ ಯುದ್ಧದವರೆಗೂ ಬೆಳೆದಿದೆ.

ಈ ಯಂತ್ರದ ಆಹಾರ ಫಿಲಮೆಂಟ್ ಎಂಬ ಪ್ಲಾಸ್ಟಿಕ್ ಎಳೆ, ಸಾಮಾನ್ಯವಾಗಿ 1.75 ಮಿಲಿಮೀಟರ್ ದಪ್ಪ. ಕಾದ ಮೂತಿಯಲ್ಲಿ ಕರಗಿ, ಪದರದ ಮೇಲೆ ಪದರವಾಗಿ ಕುಳಿತು, ಎಳೆಯೇ ವಸ್ತುವಾಗುತ್ತದೆ. ಹೆಚ್ಚು ಬಳಕೆಯಲ್ಲಿರುವುದು ಪಿಎಲ್‌ಎ. ಗೋವಿನಜೋಳ, ಕಬ್ಬುಗಳಂಥ ನಮ್ಮ ಹೊಲದ ಬೆಳೆಗಳೇ ಅದಕ್ಕೆ ಮೂಲ. ಅಗ್ಗವೂ ಹೌದು, ಯಂತ್ರಕ್ಕೆ ವಿಧೇಯವೂ ಹೌದು. ಆದರೆ ಸುಮಾರು 60 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಮೆತ್ತಗಾಗುತ್ತದೆ. ನಿಡಗುಂದಿಯ ಬೇಸಗೆಯಲ್ಲಿ ಕಿಟಕಿ ಮುಚ್ಚಿ ಬಿಸಿಲಿಗೆ ನಿಲ್ಲಿಸಿದ ಕಾರಿನ ಮುಂಗಾಜಿನಡಿ ಅಷ್ಟು ಶಾಖ ಅಪರೂಪವಲ್ಲ. ಆದುದರಿಂದ ಕಾರಿನೊಳಗಿನ ಒಂದು ತಿರುಪುಗುಂಡಿಗೂ ನಾನು ಪಿಎಲ್‌ಎಯನ್ನು ಒಪ್ಪಲಾರೆ. ಸುಮಾರು 100 ಡಿಗ್ರಿಯವರೆಗೆ ತಾಳುವ ಎಬಿಎಸ್, ಎಎಸ್‌ಎಗಳೇ ಬೇಕು. ಬ್ರೇಕು, ಸ್ಟಿಯರಿಂಗುಗಳ ಗೊಡವೆಗಂತೂ ಹವ್ಯಾಸಿ ಹೋಗಲೇಬಾರದು.

ಕಾರಿನ ಭರವಸೆಯೆಂಬುದು ವರ್ಷಗಟ್ಟಲೆ ದಿನವೂ ನಡೆಯುವ ಪರೀಕ್ಷೆ. 1983ರಲ್ಲಿ ಬಂದ ಮಾರುತಿ 800ರ ತಯಾರಿಕೆ 2014ರಲ್ಲಿ ನಿಂತಿತು. ಆದರೂ ಜನ ಅದನ್ನು ನೆಚ್ಚಿಕೊಂಡಿದ್ದರು. ಏಕೆಂದರೆ ಸಣ್ಣ ಊರಿನ ಮೆಕ್ಯಾನಿಕ್ಕನೂ ಅದನ್ನು ಬಿಚ್ಚಿ ಜೋಡಿಸಬಲ್ಲವನಾಗಿದ್ದ. ಕೆಡದಿರುವುದು ಭರವಸೆಯ ಅರ್ಧ. ಕೆಟ್ಟಾಗ ದುರಸ್ತಿಗೆ ಒದಗುವುದು ಉಳಿದರ್ಧ.

ಇನ್ನು ಯುದ್ಧದ ಮಾತು. 2022ರ ಫೆಬ್ರವರಿಯಲ್ಲಿ ರಷ್ಯ ಯುಕ್ರೇನಿನ ಮೇಲೆ ಪೂರ್ಣಪ್ರಮಾಣದಲ್ಲಿ ದಂಡೆತ್ತಿ ಹೋದ ಮೇಲೆ, ಡ್ರೋನುಗಳಿಂದ ಬೀಳಿಸುವ ಸಿಡಿಗುಂಡುಗಳ ಬಾಲದ ರೆಕ್ಕೆಗಳು ಇಂಥವೇ ಮೇಜಿನ ಯಂತ್ರಗಳಲ್ಲಿ ಸಿದ್ಧವಾದವು. ಕಾರಿನ ಗುಂಡಿಗೂ ಒಗ್ಗದ ಎಳೆ ಅಲ್ಲಿ ಸಾಕು! ಆ ರೆಕ್ಕೆ ಬಾಳಬೇಕಾದುದು ಕೆಲವೇ ಕ್ಷಣವಲ್ಲವೆ? ವಿಜಯಪುರದ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ತೋಪನ್ನು ನೋಡಿರಿ. 1549ರಲ್ಲಿ ಅಹಮದ್‌ನಗರದಲ್ಲಿ ಎರಕಗೊಂಡ ಸುಮಾರು 55 ಟನ್ ತೂಕದ ಆ ಲೋಹಕ್ಕೆ ಅರಸನ ಬೊಕ್ಕಸವೇ ಬೇಕಾಗಿತ್ತು. ಅಂದು ಕೊಲ್ಲುವ ವಸ್ತುವಿಗೂ ಬಾಳಿಕೆಯ ಹಂಗಿತ್ತು. ಇಂದು ಅದೂ ಕಳಚಿದೆ. ಆಯುಧ ಅಗ್ಗವಾದಷ್ಟೂ ಯುದ್ಧವನ್ನು ಹೂಡುವುದೂ ಮುಂದುವರಿಸುವುದೂ ಸುಲಭವಾದೀತೆಂಬುದೇ ನನ್ನ ಭಯ.

ತನ್ನ ಊರನ್ನು ಉಳಿಸಿಕೊಳ್ಳಲು ಯಂತ್ರದ ಮುಂದೆ ಕುಳಿತವನನ್ನು ಇಲ್ಲಿಂದ ಹಳಿಯುವ ಅಧಿಕಾರ ನನಗಿಲ್ಲ. ಯಂತ್ರವನ್ನು ದೂರುವುದೂ ಸಲ್ಲದು. 2018ರಲ್ಲಿ ಗಾಜಾದಲ್ಲಿ ಗಾಯಾಳುಗಳ ರಕ್ತಸ್ರಾವ ತಡೆಯುವ ಬಿಗಿಪಟ್ಟಿಗಳ ಭಾಗಗಳೂ ಇಂಥ ಯಂತ್ರಗಳಲ್ಲೇ ಆದವು. ಆದರೆ ಒಂದನ್ನು ಗಮನಿಸಬೇಕು: ಬಿಗಿಪಟ್ಟಿಯ ಕಡ್ಡಿ ಮುರಿದರೆ ಪ್ರಾಣ ಹೋದೀತು, ಅದಕ್ಕೆ ಒಳ್ಳೆಯ ಎಳೆ ಬೇಕು, ಪರೀಕ್ಷೆ ಬೇಕು, ಹೊಣೆ ಬೇಕು. ಕಾಯುವ ಕೆಲಸ ಕೊಲ್ಲುವ ಕೆಲಸಕ್ಕಿಂತ ಎಂದೂ ಕಠಿಣವೇ.

ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳ ಮೂಲಕ ಈ ಯಂತ್ರ ಶಾಲೆಗಳನ್ನೂ ಹೊಕ್ಕಿದೆ. ಆಕಾರ ಮೂಡಿದ ಕೂಡಲೆ ಮಕ್ಕಳು ಚಪ್ಪಾಳೆ ತಟ್ಟುವುದು ಸಹಜ. ಆಗ ಉಪಾಧ್ಯಾಯರು ಮೆಲ್ಲಗೆ ಕೇಳಲಿ: ಇದು ಯಾರಿಗೆ? ಎಷ್ಟು ದಿನ ಬಾಳೀತು? ಮುರಿದರೆ ಸರಿಪಡಿಸುವವರಾರು? ಈ ಮೂರಕ್ಕೆ ಉತ್ತರ ಹುಡುಕಲು ಕಲಿತ ಕೈಗೆ ಯಂತ್ರವನ್ನು ಒಪ್ಪಿಸಲು ನಾನು ಅಂಜುವುದಿಲ್ಲ.